ಜಿಸೆಲ್: 1841ರದ್ದು, ಮಾಟ್ಸ್ ಏಕ್ ಅವರದ್ದು, ಅಕ್ರಮ್ ಖಾನ್ ಅವರದ್ದು. ಪಕ್ಕಪಕ್ಕ ಇಟ್ಟು ನೋಡುವುದು ಹೇಗೆ?

ಎಡಗಡೆ_ವಿಂಗ್ ಕೇಳಿದ್ದು:

ನೃತ್ಯಾಸಕ್ತರ ಸಣ್ಣ ಗುಂಪೊಂದಕ್ಕೆ ಮುಕ್ಕಾಲು ಗಂಟೆಯಲ್ಲಿ ‘ಜಿಸೆಲ್’ ಬ್ಯಾಲೆಯ ಮೂರು ರೂಪಗಳನ್ನು ಹೋಲಿಸಿ ತೋರಿಸಬೇಕಿದೆ: 1841ರ ಸಾಂಪ್ರದಾಯಿಕ ರೂಪ, ಸ್ವೀಡನ್ನಿನ ನೃತ್ಯ ಸಂಯೋಜಕ ಮಾಟ್ಸ್ ಏಕ್ ಅವರದ್ದು (1982), ಬ್ರಿಟನ್ನಿನ ಅಕ್ರಮ್ ಖಾನ್ ಅವರದ್ದು (2016). ಮೂರರದ್ದೂ ಪೂರ್ತಿ ವಿಡಿಯೋ ಇದೆ.

ಕಥೆ ಗೊತ್ತಿಲ್ಲದವರಿಗೆ: ಹಳ್ಳಿಯ ಹುಡುಗಿ ಜಿಸೆಲ್ ವೇಷ ಮರೆಸಿಕೊಂಡು ಬಂದ ಕುಲೀನ ಆಲ್ಬ್ರೆಕ್ಟ್‌ನನ್ನು ಪ್ರೀತಿಸುತ್ತಾಳೆ. ಅವನಿಗೆ ಬಾತಿಲ್ಡ್ ಜೊತೆ ಆಗಲೇ ನಿಶ್ಚಿತಾರ್ಥ ಆಗಿದೆ. ಅವಳನ್ನು ಪ್ರೀತಿಸುವ ಹಳ್ಳಿಗ ಹಿಲರಿಯನ್ ಅದನ್ನು ಬಯಲು ಮಾಡುತ್ತಾನೆ, ಜಿಸೆಲ್‌ಗೆ ಬುದ್ಧಿಭ್ರಮಣೆಯಾಗಿ ಸಾಯುತ್ತಾಳೆ. ಎರಡನೇ ಅಂಕದಲ್ಲಿ ಮಿರ್ಥಾಳ ಮುಂದಾಳತ್ವದ ವಿಲಿಗಳು, ಅಂದರೆ ಮದುವೆಗೆ ಮುಂಚೆ ಸತ್ತ ಹುಡುಗಿಯರ ಪ್ರೇತಗಳು, ಸಿಕ್ಕ ಗಂಡಸನ್ನು ಕುಣಿಸಿ ಕುಣಿಸಿ ಕೊಲ್ಲುತ್ತವೆ. ಜಿಸೆಲ್ ಬೆಳಗಾಗುವವರೆಗೂ ಆಲ್ಬ್ರೆಕ್ಟ್‌ನನ್ನು ಕಾಪಾಡುತ್ತಾಳೆ.

ಟಿಪ್ಪಣಿ ಮಾಡಲು ಕೂತರೆ ಬರುವುದು ಇಷ್ಟೇ: ಅಲ್ಲಿ ಪಾಯಿಂಟ್ ಶೂ (ತುದಿಗಾಲ ಮೇಲೆ ನಿಲ್ಲಲು ತುದಿ ಗಟ್ಟಿ ಮಾಡಿದ ಶೂ), ಇಲ್ಲಿ ಬರಿಗಾಲು. ಅಲ್ಲಿ ದ್ರಾಕ್ಷಿ ಸುಗ್ಗಿಯ ಹಳ್ಳಿ, ಖಾನ್‌ನಲ್ಲಿ ಮುಚ್ಚಿಹೋದ ಬಟ್ಟೆ ಕಾರ್ಖಾನೆ. ಅಲ್ಲಿ ಸ್ಮಶಾನ, ಏಕ್‌ನಲ್ಲಿ ಹುಚ್ಚಾಸ್ಪತ್ರೆ. ಇಷ್ಟು ಪೋಸ್ಟರ್ ನೋಡಿದವರಿಗೂ ಗೊತ್ತಾಗುತ್ತದೆ. ಯಾವ ದೃಶ್ಯ ಆರಿಸಬೇಕು, ಎಷ್ಟು ಹೊತ್ತು ತೋರಿಸಬೇಕು? ಹೆಜ್ಜೆಗೆ ಹೆಜ್ಜೆ ಇಟ್ಟು ಹೋಲಿಸುವುದರಲ್ಲಿ ಅರ್ಥ ಇದೆಯೇ?

---

ಪರದೆ_ಹಿಂದೆ ಉತ್ತರ:

ದೃಶ್ಯ ಆರಿಸುವುದು ಆಮೇಲೆ, ಮೊದಲು ಪ್ರಶ್ನೆ ಬದಲಿಸಿ. “ಏನೇನು ಬೇರೆ” ಅಂತ ಕೇಳಿದರೆ ನಿಮಗೆ ಬಂದಂಥ ಪಟ್ಟಿಯೇ ಬರುವುದು. “ಹಳೆಯದರಲ್ಲಿ ಈ ಗಳಿಗೆ ಕಥೆಗಾಗಿ ಯಾವ ಕೆಲಸ ಮಾಡುತ್ತಿತ್ತು, ಹೊಸದರಲ್ಲಿ ಆ ಕೆಲಸ ಯಾರ ಹೆಗಲಿಗೆ ಬಿತ್ತು” ಅಂತ ಕೇಳಿ. ಕೆಲವು ಕಡೆ ಹೆಜ್ಜೆ ಮಾಡುತ್ತಿದ್ದ ಕೆಲಸವನ್ನು ಬಟ್ಟೆ ಮಾಡುತ್ತದೆ, ಕೆಲವು ಕಡೆ ಗೋಡೆ ಮಾಡುತ್ತದೆ, ಇನ್ನು ಕೆಲವು ಕಡೆ ಆ ಕೆಲಸವನ್ನೇ ಕೈಬಿಟ್ಟಿರುತ್ತಾರೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ: ಬಾತಿಲ್ಡ್‌ಳ ಉಡುಪು.

ಸಾಂಪ್ರದಾಯಿಕ ರೂಪದಲ್ಲಿ ಬೇಟೆಗೆ ಬಂದ ಕುಲೀನರು ಜಿಸೆಲ್ ಮನೆ ಮುಂದೆ ದಣಿವಾರಿಸಿಕೊಳ್ಳಲು ಕೂರುತ್ತಾರೆ. ಜಿಸೆಲ್ ಮೆಲ್ಲಗೆ ಹಿಂದಿನಿಂದ ಹೋಗಿ, ನೆಲದ ಮೇಲೆ ಹರಡಿದ ಬಾತಿಲ್ಡ್‌ಳ ನಿಲುವಂಗಿಯ ಅಂಚನ್ನು ಮುಟ್ಟಿ ನೋಡುತ್ತಾಳೆ. ಬಾತಿಲ್ಡ್ ತಿರುಗುತ್ತಾಳೆ. ಹುಡುಗಿ ನಾಚುತ್ತಾಳೆ. ನೀನೇನು ಕೆಲಸ ಮಾಡುತ್ತೀ ಅಂತ ಕೇಳಿದರೆ ನೂಲುವುದು, ಹೊಲಿಯುವುದು ಅಂತ ಕೈಯಲ್ಲೇ ತೋರಿಸಿ, ಆದರೆ ನನಗೆ ಇಷ್ಟ ಇದು ಅಂತ ಎರಡೂ ಕೈ ತಲೆಯ ಮೇಲೆತ್ತಿ ಒಂದರ ಸುತ್ತ ಒಂದು ತಿರುಗಿಸುತ್ತಾಳೆ. ಬ್ಯಾಲೆಯ ಮೂಕಾಭಿನಯದಲ್ಲಿ ‘ಕುಣಿತ’ ಅಂದರೆ ಆ ಸನ್ನೆ. ಮೆಚ್ಚಿದ ಬಾತಿಲ್ಡ್ ತನ್ನ ಕೊರಳಿನ ಸರ ತೆಗೆದು ಕೊಡುತ್ತಾಳೆ. ಒಂದೆರಡು ನಿಮಿಷದ ಈ ತುಂಡು ಮೂರು ಕೆಲಸ ಮುಗಿಸಿರುತ್ತದೆ: ಇಬ್ಬರ ಅಂತಸ್ತಿನ ಅಂತರ ತೋರಿಸುತ್ತದೆ, ಬಾತಿಲ್ಡ್ ಕೆಟ್ಟವಳಲ್ಲ ಅನ್ನಿಸುತ್ತದೆ, ಮುಂದೆ ಅವಳೇ “ಇವನು ನನ್ನವನು” ಅಂದಾಗ ಏಟು ಜೋರಾಗಿ ಬೀಳುವಂತೆ ಮಾಡುತ್ತದೆ.

ಖಾನ್ ಅವರ ರೂಪದಲ್ಲಿ ಜಿಸೆಲ್ ಕೆಲಸ ಕಳೆದುಕೊಂಡ ವಲಸೆ ಬಟ್ಟೆ ಕಾರ್ಮಿಕಳು. ಬಾತಿಲ್ಡ್‌ಳ ಉಡುಪಿನತ್ತ ಅವಳ ಕೈ ಇಲ್ಲೂ ಹೋಗುತ್ತದೆ, ಆದರೆ ಇದು ತಾನು ಹೊಲಿದದ್ದು ಅಂತ ಅವಳಿಗೆ ಗೊತ್ತಾಗುತ್ತದೆ. ಕೈ ಅದೇ, ಬಟ್ಟೆ ಅದೇ. ಬೆರಗು ಇದ್ದ ಕಡೆ ಈಗ ಲೆಕ್ಕ ಇದೆ. ವಿನ್ಯಾಸಕ ಟಿಮ್ ಯಿಪ್ ಮಾಡಿದ ಕಾರ್ಖಾನೆ ಮಾಲೀಕರ ಉಡುಪುಗಳು ಎಷ್ಟು ಭಾರಿ ಅಂದರೆ ತೊಟ್ಟವರು ಹೆಚ್ಚು ಅಲುಗಾಡುವುದೇ ಇಲ್ಲ, ನಿಂತು ನೋಡುತ್ತಾರೆ ಅಷ್ಟೇ. ಅಂತಸ್ತಿನ ಅಂತರ ಹೇಳಲು ಮೂಕಾಭಿನಯ ಬೇಕಾಗಲಿಲ್ಲ, ಯಾರು ಕುಣಿಯುತ್ತಾರೆ ಯಾರು ಕುಣಿಯುವುದಿಲ್ಲ ಅನ್ನುವುದರಲ್ಲೇ ಅದು ಬಂತು.

ಈ ದೃಶ್ಯಕ್ಕೆ ಎರಡೇ ರೂಪ ಸಾಕು. ಮೂರನ್ನೂ ಎಲ್ಲ ಕಡೆ ತರುವ ಹಟ ಬೇಡ.

ಸಮಯದ ಲೆಕ್ಕ: 45 ನಿಮಿಷಕ್ಕೆ ಮೂರು ದೃಶ್ಯಕ್ಕಿಂತ ಹೆಚ್ಚು ಬೇಡ. ಒಂದೊಂದು ತುಂಡು 90 ಸೆಕೆಂಡಿನಿಂದ ಎರಡು ನಿಮಿಷ. ಸಾಂಪ್ರದಾಯಿಕ ತುಂಡನ್ನು ಎರಡು ಸಲ ಹಾಕಿ, ಮೊದಲ ಸಲ ಸದ್ದಿಲ್ಲದೆ, ಎರಡನೇ ಸಲ ಸದ್ದಿನೊಂದಿಗೆ. ಸದ್ದಿಲ್ಲದೆ ಅರ್ಥವಾದದ್ದು ದೇಹದ ಕೆಲಸ, ಸದ್ದು ಬಂದ ಮೇಲೆ ಅರ್ಥವಾದದ್ದು ಸಂಗೀತದ ಕೆಲಸ. ಮುಂದೆ ಹೊಸ ರೂಪ ಹಾಕಿದಾಗ ಯಾವುದು ಕಾಣೆಯಾಗಿದೆ ಅಂತ ಗುಂಪೇ ಹೇಳುತ್ತದೆ.

---

ಐದನೇ_ಭಂಗಿ ಉತ್ತರ:

ಮೇಲಿನದನ್ನು ಒಪ್ಪುತ್ತೇನೆ, ಆದರೆ ಶೀರ್ಷಿಕೆಯಲ್ಲೇ ಒಂದು ತಪ್ಪಿದೆ. “1841ರದ್ದು” ಅಂತ ನೀವು ಹಾಕುವ ವಿಡಿಯೋ 1841ರದ್ದಲ್ಲ.

1841ರ ಜೂನ್ 28ರಂದು ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ. ನೃತ್ಯ ಸಂಯೋಜನೆ ಜಾನ್ ಕೊರಾಲ್ಲಿ ಮತ್ತು ಜೂಲ್ ಪೆರೋ, ಸಂಗೀತ ಅಡೋಲ್ಫ್ ಆಡಮ್, ಜಿಸೆಲ್ ಆಗಿ ಕಾರ್ಲೋತ್ತಾ ಗ್ರಿಸಿ. ಅದೇ ಪ್ಯಾರಿಸ್ ಒಪೆರಾ 1868ರ ಹೊತ್ತಿಗೆ ಇದನ್ನು ಕೈಬಿಟ್ಟಿತು. ಉಳಿಸಿಕೊಂಡದ್ದು ಸೇಂಟ್ ಪೀಟರ್ಸ್‌ಬರ್ಗ್. ಅಲ್ಲಿ ನೃತ್ಯ ಸಂಯೋಜಕ ಮಾರಿಯಸ್ ಪೆಟಿಪಾ ಮರುಪ್ರಯೋಗಗಳಲ್ಲಿ ತಿದ್ದುತ್ತಾ ಹೋದರು. ಸ್ಟೆಪಾನೊವ್ ಪದ್ಧತಿ ಅನ್ನುವ ನೃತ್ಯಲಿಪಿಯಲ್ಲಿ ಬರೆದಿಟ್ಟ ಆ ರೂಪವನ್ನು ನಿಕೊಲಾಯ್ ಸೆರ್ಗೆಯೆವ್ ರಷ್ಯಾದಿಂದ ಹೊರಗೆ ತಂದು 1924ರಲ್ಲಿ ಪ್ಯಾರಿಸ್‌ನಲ್ಲಿ, 1934ರಲ್ಲಿ ಲಂಡನ್‌ನಲ್ಲಿ ರಂಗಕ್ಕೆ ತಂದರು. ಇವತ್ತು ಬಹುತೇಕ ಕಡೆ ಕಾಣುವುದು ಈ ವಂಶದ್ದು.

ಇದರಿಂದ ಹೋಲಿಕೆ ಎಲ್ಲಿ ಕೆಡುತ್ತದೆ ಅನ್ನುವುದಕ್ಕೆ ಮೊದಲ ಅಂಕದ ಜಿಸೆಲ್ ಏಕಾಂಗಿ ನೃತ್ಯವೇ ಸಾಕ್ಷಿ. ಎಡಗಾಲಿನ ಪಾಯಿಂಟ್ ಮೇಲೆ ಕುಪ್ಪಳಿಸುತ್ತಾ ಕರ್ಣರೇಖೆಯಲ್ಲಿ ಮುಂದೆ ಬರುವ ಆ ಭಾಗ ಎಲ್ಲರಿಗೂ ಗೊತ್ತು. ಅದರ ಸಂಗೀತ ಆಡಮ್ ಬರೆದದ್ದಲ್ಲ, ದಶಕಗಳ ಮೇಲೆ ಪೀಟರ್ಸ್‌ಬರ್ಗ್‌ನಲ್ಲಿ ಸೇರಿದ್ದು. ಗ್ರಿಸಿ ಕಾಲದ ಶೂಗೆ ಇವತ್ತಿನಂಥ ಗಟ್ಟಿ ತುದಿ ಇರಲಿಲ್ಲ, ಮೆತ್ತನೆಯ ಸ್ಯಾಟಿನ್ ತುದಿಗೆ ದಾರದಿಂದ ಹೊಲಿಗೆ ಹಾಕಿ ಬಿಗಿ ಮಾಡಿಕೊಳ್ಳುತ್ತಿದ್ದರು. ಒಂದೇ ತುದಿಯ ಮೇಲೆ ಅಷ್ಟು ಹೊತ್ತು ಕುಪ್ಪಳಿಸುವುದು ಅಂಥ ಶೂನ ಕೆಲಸವಲ್ಲ. ಹಾಗಾಗಿ “ಮೂಲದ ಈ ನೃತ್ಯವನ್ನು ಏಕ್ ಕಿತ್ತುಹಾಕಿದರು” ಅಂತ ಬರೆದರೆ ವಾಕ್ಯದ ಮೊದಲ ಪದವೇ ಸುಳ್ಳು. ಟಿಪ್ಪಣಿಯಲ್ಲಿ ‘ಮೂಲ’ ಅನ್ನಬೇಡಿ, ‘ಪೀಟರ್ಸ್‌ಬರ್ಗ್ ಪರಂಪರೆ’ ಅನ್ನಿ, ಜೊತೆಗೆ ಯಾವ ತಂಡ, ಯಾರ ಪ್ರಯೋಗ ಅಂತ ಬರೆಯಿರಿ. ಪೀಟರ್ ರೈಟ್ ಅವರ ಪ್ರಯೋಗದಲ್ಲಿ ಜಿಸೆಲ್ ಕತ್ತಿಯಿಂದ ತನ್ನನ್ನೇ ತಿವಿದುಕೊಂಡು ಸಾಯುತ್ತಾಳೆ, ಅದಕ್ಕೇ ಅವಳ ಸಮಾಧಿ ಊರ ಸ್ಮಶಾನ ಬಿಟ್ಟು ಕಾಡಿನಲ್ಲಿದೆ. ಬೇರೆ ಹಲವು ಪ್ರಯೋಗಗಳಲ್ಲಿ ದುರ್ಬಲ ಹೃದಯ ಒಡೆದು ಸಾಯುತ್ತಾಳೆ. ‘ಸಾಂಪ್ರದಾಯಿಕ’ ಅನ್ನುವ ಒಂದೇ ಪದದೊಳಗೆ ಇಷ್ಟು ವ್ಯತ್ಯಾಸ ಇದೆ.

ಎರಡನೇ ದೃಶ್ಯವಾಗಿ ವಿಲಿಗಳ ದಾಟು ತೆಗೆದುಕೊಳ್ಳಿ. ಹೆಜ್ಜೆಗೆ ಹೆಜ್ಜೆ ಹೋಲಿಸುವ ಆಸೆಯಿದ್ದರೆ ಅದನ್ನು ತೀರಿಸಿಕೊಳ್ಳುವ ಜಾಗ ಇದೇ.

ಸಾಂಪ್ರದಾಯಿಕದಲ್ಲಿ, ದೊಡ್ಡ ತಂಡವಾದರೆ 24 ಜನ, ಎರಡು ಪಾಳಿಯಾಗಿ ರಂಗದ ಎರಡೂ ಬದಿಯಿಂದ ಎದುರುಬದುರಾಗಿ ಬಂದು ಒಬ್ಬರ ಸಾಲಿನೊಳಗೆ ಒಬ್ಬರು ಹಾದುಹೋಗುತ್ತಾರೆ. ಒಂದು ಕಾಲು ಹಿಂದೆ ಚಾಚಿದ ಅರಬೆಸ್ಕ್, ನಿಂತ ಕಾಲಿನ ಮಂಡಿ ಬಾಗಿದೆ, ಪಾದ ಚಪ್ಪಟೆ. ನೋಡುವವರಿಗೆ ಕುಪ್ಪಳಿಕೆ ಅನ್ನಿಸುತ್ತದೆ. ನಿಜದಲ್ಲಿ ಹಿಮ್ಮಡಿ ನೆಲ ಬಿಟ್ಟೂ ಬಿಡದ ಹಾಗೆ ಪಾದವನ್ನು ಮುಂದಕ್ಕೆ ಜಾರಿಸುವುದು. ತಪ್ಪುವುದು ಎಲ್ಲಿ:

ಮೇಲಕ್ಕೆ ಹಾರಿದರೆ ತಲೆ ಎದ್ದು ಬೀಳುತ್ತದೆ. ಉದ್ದ ಟುಟು, ಅಂದರೆ ಬ್ಯಾಲೆ ಲಂಗ, ಮೊಣಕಾಲನ್ನು ಮುಚ್ಚುವುದರಿಂದ ಕಾಲಿನ ತಪ್ಪು ಕಾಣದು, ತಲೆಯ ಸಾಲು ಅದನ್ನು ಬಯಲು ಮಾಡುತ್ತದೆ. ಹಿಂದಿನ ಕಾಲನ್ನು ಒಬ್ಬಳು ಒಂದು ಗೇಣು ಎತ್ತರ ಎತ್ತಿದರೂ ಸಾಲು ಒಡೆಯುತ್ತದೆ, ಅದಕ್ಕೇ ಎಲ್ಲರಿಗೂ ಸಾಧ್ಯವಾಗುವ ಎತ್ತರಕ್ಕೆ ಇಳಿಸಿ ಕಟ್ಟುತ್ತಾರೆ. ಜಾರುವ ಅಂತರ ಒಬ್ಬೊಬ್ಬರದು ಒಂದೊಂದಾದರೆ ಎರಡು ಸಾಲು ಸೇರುವ ನಡುಭಾಗದಲ್ಲಿ ಗುದ್ದಾಟ ಆಗುತ್ತದೆ. ಇನ್ನು ಸದ್ದು. 48 ಗಟ್ಟಿ ಶೂಗಳ ಟಪಟಪ ಕೇಳಿದರೆ ಪ್ರೇತ ಅಂತ ಯಾರೂ ನಂಬುವುದಿಲ್ಲ, ಹಾಗಾಗಿ ಎರಡನೇ ಅಂಕಕ್ಕೆ ಮುಂಚೆ ತುದಿಯನ್ನು ಕುಟ್ಟಿ ಮೆದು ಮಾಡಿಕೊಳ್ಳುತ್ತಾರೆ.

ಈ ಹೆಜ್ಜೆಯ ಕೆಲಸ ಏನು? ತೂಕವಿಲ್ಲದವರು ಸೈನ್ಯದಂತೆ ನಡೆಯುವುದು. ಎರಡೂ ಒಟ್ಟಿಗೆ ಬರುವುದರಿಂದಲೇ ಭಯ.

ಖಾನ್ ಇದನ್ನು ಪಾಯಿಂಟ್‌ಗೆ ಹೊಸ ಅರ್ಥ ಕೊಟ್ಟು ಸಾಧಿಸುತ್ತಾರೆ. ಸಾಂಪ್ರದಾಯಿಕದಲ್ಲಿ ಜಿಸೆಲ್ ಬದುಕಿದ್ದಾಗಲೂ ಪಾಯಿಂಟ್, ಸತ್ತ ಮೇಲೂ ಪಾಯಿಂಟ್. ಖಾನ್ ಮೊದಲ ಅಂಕದ ಕಾರ್ಮಿಕರಿಗೆ ಮೆತ್ತನೆಯ ಶೂ ಕೊಟ್ಟು, ಪಾಯಿಂಟ್ ಅನ್ನು ವಿಲಿಗಳಿಗಷ್ಟೇ ಮೀಸಲಿಟ್ಟರು. ಬದುಕಿದ್ದವರು ನೆಲಕ್ಕೆ ತೂಕ ಕೊಟ್ಟು ಓಡುತ್ತಾರೆ, ಗುಂಪಿನ ತಾಳದಲ್ಲಿ, ತಿರುಗುವುದರಲ್ಲಿ ಕಥಕ್‌ನ ನೆರಳು ಇದೆ. ಸತ್ತವರು ತುದಿಗಾಲಲ್ಲಿ, ಕೂದಲು ಬಿಚ್ಚಿಕೊಂಡು, ಉದ್ದನೆಯ ಬಿದಿರು ಕೋಲು ಹಿಡಿದು ಬರುತ್ತಾರೆ. ತುದಿಗಾಲು ಇಲ್ಲಿ ಹಗುರತನವಲ್ಲ, ಆಯುಧ. ನಿಮ್ಮ ಟಿಪ್ಪಣಿಯ “ಅಲ್ಲಿ ಪಾಯಿಂಟ್, ಇಲ್ಲಿ ಬರಿಗಾಲು” ಖಾನ್ ವಿಷಯದಲ್ಲಿ ತಲೆಕೆಳಗು: ಪಾಯಿಂಟ್ ಯಾವಾಗ ಬರುತ್ತದೆ ಅನ್ನುವುದೇ ಅಲ್ಲಿ ಕಥೆ.

ಏಕ್ ಪಾಯಿಂಟನ್ನು ಪೂರ್ತಿ ಬಿಟ್ಟರು. ಅವರ ಹುಡುಗಿಯ ಮುಖ್ಯ ಭಂಗಿ ಕಾಲು ಅಗಲಿಸಿ ಆಳಕ್ಕೆ ಕುಸಿಯುವ ಎರಡನೇ ಭಂಗಿಯ ಪ್ಲಿಯೆ (ಮಂಡಿ ಬಾಗಿಸುವುದು), ಅರೆಮಂಡಿ ಗೊತ್ತಿದ್ದವರಿಗೆ ಚಿತ್ರ ಕೂಡಲೇ ಸಿಗುತ್ತದೆ, ಆದರೆ ಬೆನ್ನು ನೇರವಿಲ್ಲ, ಸೊಂಟದಿಂದ ಮುರಿದಂತಿದೆ. ವಿಲಿಗಳು ಅಲ್ಲಿ ಬಿಳಿ ಅಂಗಿಯ ರೋಗಿಗಳು, ಮಿರ್ಥಾ ಮೇಲ್ವಿಚಾರಕ ನರ್ಸ್. ಸಾಲು ಇದ್ದರೂ ಒಬ್ಬೊಬ್ಬಳ ಕಾಯಿಲೆ ಒಂದೊಂದು. ಸಾಲು ಒಡೆಯುವುದು ಸಾಂಪ್ರದಾಯಿಕದಲ್ಲಿ ದೋಷ, ಇಲ್ಲಿ ಅದೇ ಬೇಕಾದದ್ದು.

---

ಎಡಗಡೆ_ವಿಂಗ್:

ಇಬ್ಬರಿಗೂ ಧನ್ಯವಾದ, ಶೀರ್ಷಿಕೆ ತಿದ್ದಲು ಇಲ್ಲಿ ಆಗುತ್ತಿಲ್ಲ. ಮೂರನೆಯದಾಗಿ ಹುಚ್ಚಿನ ದೃಶ್ಯ ಅಂದುಕೊಂಡಿದ್ದೆ. ಒಂದು ತೊಡಕು: ಏಕ್ ರೂಪದಲ್ಲಿ ಜಿಸೆಲ್ ಮೊದಲಿಂದಲೇ ಊರಿನವರ ಕಣ್ಣಿಗೆ ಸರಿಯಿಲ್ಲದವಳು. ಹಾಗಿದ್ದರೆ ಹುಚ್ಚಿನ ದೃಶ್ಯಕ್ಕೆ ಅಲ್ಲಿ ಕೆಲಸವೇನು?

---

ವಿಯೋಲಾ_ಸಾಲು ಉತ್ತರ:

ಅದಕ್ಕೆ ಉತ್ತರ ಸಂಗೀತದಲ್ಲಿದೆ, ಅದಕ್ಕೇ ಈ ದೃಶ್ಯವನ್ನು ಒಂಟಿಯಾಗಿ ತೋರಿಸಬೇಡಿ. ಮೊದಲ ಅಂಕದ ಆರಂಭದ ಹೂವಿನ ದೃಶ್ಯದೊಂದಿಗೆ ಜೋಡಿ ಮಾಡಿ.

ಅಲ್ಲಿ ಜಿಸೆಲ್ ಡೇಸಿ ಹೂವಿನ ಎಸಳು ಕೀಳುತ್ತಾ ಪ್ರೀತಿಸುತ್ತಾನೆ, ಪ್ರೀತಿಸುವುದಿಲ್ಲ ಅಂತ ಎಣಿಸುತ್ತಾಳೆ. ಉಳಿದ ಎಸಳು ಲೆಕ್ಕ ಹಾಕಿ ‘ಇಲ್ಲ’ ಅಂತ ಗೊತ್ತಾಗಿ ಹೂ ಎಸೆಯುತ್ತಾಳೆ. ಆಲ್ಬ್ರೆಕ್ಟ್ ಅದನ್ನೆತ್ತಿ, ಅವಳಿಗೆ ಕಾಣದಂತೆ ಒಂದು ಎಸಳು ಕಿತ್ತು, ಮತ್ತೆ ಎಣಿಸಿ ‘ಹೌದು’ ಬರಿಸುತ್ತಾನೆ. ಅವನ ಮೊದಲ ಮೋಸ ಅದು, ಪ್ರೇಕ್ಷಕರ ಕಣ್ಣೆದುರೇ. ಹುಚ್ಚಿನ ದೃಶ್ಯದಲ್ಲಿ ಅದೇ ರಾಗ ತುಂಡುತುಂಡಾಗಿ ಮರಳುತ್ತದೆ, ಅವಳು ಇಲ್ಲದ ಹೂವಿನ ಎಸಳು ಕೀಳುತ್ತಾಳೆ. ಅವರಿಬ್ಬರೂ ಒಟ್ಟಿಗೆ ಕುಣಿದ ಹೆಜ್ಜೆಗಳೂ ಬರುತ್ತವೆ, ಆದರೆ ಹೆಜ್ಜೆ ಶುರುವಾಗಿ ಅರ್ಧಕ್ಕೆ ಮರೆತುಹೋಗುತ್ತದೆ. ಕೂದಲು ಬಿಚ್ಚಿದೆ, ಕತ್ತಿಯನ್ನು ತುದಿ ಹಿಡಿದು ಎಳೆಯುತ್ತಾಳೆ, ಹಿಡಿ ನೆಲದ ಮೇಲೆ ಗೆರೆ ಎಳೆಯುತ್ತಾ ಹೋಗುತ್ತದೆ. ಹೊಸ ಹೆಜ್ಜೆ ಒಂದೂ ಇಲ್ಲ, ಇರುವುದೆಲ್ಲ ನೆನಪಿನ ಚೂರು. ಇದನ್ನು ಅರಚಾಟದಂತೆ ಅಭಿನಯಿಸುವವರು ಕೆಡಿಸುತ್ತಾರೆ. ಚೂರು ಗುರುತು ಸಿಗುವಷ್ಟು ಸ್ಪಷ್ಟವಾಗಿ ಶುರುವಾದರೆ ಮಾತ್ರ ಅದು ಒಡೆದದ್ದು ಗೊತ್ತಾಗುವುದು.

ಏಕ್ ಆಡಮ್‌ನ ಸಂಗೀತವನ್ನೇ ಕತ್ತರಿಸಿ ಬಳಸಿದ್ದಾರೆ. ಅಂದರೆ ಕಿವಿಗೆ ‘ಕುಸಿತ’ ಕೇಳುತ್ತದೆ, ಕಣ್ಣಿಗೆ ಮಾತ್ರ ಆರಂಭದಿಂದಲೂ ಊರಿನ ಅಚ್ಚಿಗೆ ಹೊಂದದ ಹುಡುಗಿಯೇ ಕಾಣುತ್ತಾಳೆ. ಆನಾ ಲಗೂನಾ ಆ ಪಾತ್ರದಲ್ಲಿ ತಲೆಗೆ ಬೆರೆ ಟೋಪಿ ಹಾಕಿಕೊಂಡು ಮಗುವಿನ ಹಾಗೆ ಮುನ್ನುಗ್ಗುವುದನ್ನು ನೋಡಿ. ನನ್ನ ಅಭಿಪ್ರಾಯ: ಏಕ್‌ನಲ್ಲಿ ಆ ದೃಶ್ಯದ ಕೆಲಸ ‘ಅವಳಿಗೆ ಏನಾಯಿತು’ ಅಂತ ಹೇಳುವುದಲ್ಲ, ‘ಊರು ಅವಳನ್ನು ಏನು ಅಂತ ಕರೆಯಿತು’ ಅಂತ ಹೇಳುವುದು. ಅವಳು ಸಾಯುವುದಿಲ್ಲ, ಆಸ್ಪತ್ರೆಗೆ ಹೋಗುತ್ತಾಳೆ. ಸಾವಿನ ಕೆಲಸವನ್ನು ಎರಡನೇ ಅಂಕದಲ್ಲಿ ತಲೆಗೆ ಸುತ್ತಿದ ಬಿಳಿ ಬ್ಯಾಂಡೇಜ್ ಮಾಡುತ್ತದೆ.

ಖಾನ್‌ಗೆ ವಿಂಚೆಂಜೊ ಲಮಾನ್ಯ ಹೊಸದಾಗಿ ಸಂಗೀತ ಕಟ್ಟಿದರು, ಆಡಮ್‌ನ ರಾಗದ ಎಳೆಗಳು ಯಂತ್ರದ ಗುಂಯ್‌ಗುಡುವ ಸದ್ದಿನೊಳಗಿಂದ ಆಗಾಗ ಹೊರಬರುತ್ತವೆ. ಬಾರ್‌ಗೆ ಬಾರ್ (ತಾಳದ ಒಂದೊಂದು ಅಳತೆಯಾಗಿ) ಹೊಂದಿಸಲು ಹೋಗಬೇಡಿ, ಹೊಂದುವುದಿಲ್ಲ. ಏಕ್ ಅನ್ನು ಸಂಗೀತದಿಂದ ಹೊಂದಿಸಿ, ಖಾನ್ ಅನ್ನು ಘಟನೆಯಿಂದ ಹೊಂದಿಸಿ.

ನಿಮಿಷದ ಗುರುತು ನಂಬಬೇಡಿ. ಸಾಂಪ್ರದಾಯಿಕ ಪ್ರಯೋಗಗಳಲ್ಲಿ ಬುರ್ಗ್‌ಮ್ಯುಲ್ಲರ್ ಸಂಗೀತದ ರೈತ ಜೋಡಿ ನೃತ್ಯ ಒಂದೊಂದು ಕಡೆ ಒಂದೊಂದು ಉದ್ದ, ತಾಯಿ ಬೆರ್ತ್ ವಿಲಿಗಳ ಕಥೆ ಹೇಳುವ ಮೂಕಾಭಿನಯ ಕೆಲವು ಕಡೆ ಪೂರ್ತಿ, ಕೆಲವು ಕಡೆ ಮಾಯ. ಎರಡನೇ ಅಂಕದ ನಿಧಾನ ಜೋಡಿ ನೃತ್ಯ ಬೇಕಿದ್ದರೆ ಒಂಟಿ ವಿಯೋಲಾದ (ಪಿಟೀಲಿನ ಜಾತಿಯ ವಾದ್ಯ) ಮೊದಲ ಸ್ವರದಿಂದ ಎಣಿಸಿ. ಅದೂ ಹಳೆಯ ರೆಕಾರ್ಡಿಂಗ್‌ಗಿಂತ ಈಚಿನವುಗಳಲ್ಲಿ ನಿಧಾನ, ಕಾಲು ಎತ್ತರಕ್ಕೆ ಹೋದಷ್ಟೂ ವಿಯೋಲಾ ಕಾಯಬೇಕಾಗುತ್ತದೆ. ಈ ಚಟ ಸಂಗೀತಕ್ಕೆ ಒಳ್ಳೆಯದಲ್ಲ, ಆದರೆ ಅದು ಬೇರೆ ಜಗಳ.

---

ಕೊನೇ_ಸಾಲು ಉತ್ತರ:

ಹುಚ್ಚಿನ ದೃಶ್ಯ ಬಿಟ್ಟು ಅಂತ್ಯ ತೋರಿಸಿ ಅನ್ನುತ್ತೇನೆ. ಹುಚ್ಚಿನ ದೃಶ್ಯದಲ್ಲಿ ಚರ್ಚೆ ನರ್ತಕಿಯ ಅಭಿನಯದತ್ತ ಜಾರುತ್ತದೆ, “ಇವಳು ಚೆನ್ನಾಗಿ ಮಾಡಿದಳು” ಅನ್ನುವುದರಲ್ಲಿ ಹತ್ತು ನಿಮಿಷ ಹೋಗುತ್ತದೆ. ಅಂತ್ಯದಲ್ಲಿ ಸಂಯೋಜಕರ ತೀರ್ಮಾನ ನೇರವಾಗಿ ಸಿಗುತ್ತದೆ. ಅದನ್ನು ಹಿಲರಿಯನ್ ಮೂಲಕ ನೋಡಿ, ಆಲ್ಬ್ರೆಕ್ಟ್ ಮೂಲಕ ಎಲ್ಲರೂ ನೋಡುತ್ತಾರೆ.

ಸಾಂಪ್ರದಾಯಿಕದಲ್ಲಿ ಹಿಲರಿಯನ್ ನಿಜ ಹೇಳಿದವನು, ಆದರೂ ವಿಲಿಗಳು ಅವನನ್ನು ಕುಣಿಸಿ ಕೆರೆಗೆ ತಳ್ಳುತ್ತವೆ. ಸುಳ್ಳು ಹೇಳಿದವನು ಉಳಿಯುತ್ತಾನೆ. ಅವನನ್ನು ಕಾಪಾಡುವುದು ಜಿಸೆಲ್ ಸಮಾಧಿಯ ಶಿಲುಬೆ, ಅದರ ಮುಂದೆ ಮಿರ್ಥಾಳ ಕೈಯ ರೆಂಬೆ ಮುರಿಯುತ್ತದೆ. ಇವತ್ತಿನ ಪ್ರಯೋಗಗಳಲ್ಲಿ ಅವನು ಬೆಳಗಿನ ಜಾವ ಒಂಟಿಯಾಗಿ ಉಳಿಯುತ್ತಾನೆ. 1841ರಲ್ಲಿ ಹಾಗಿರಲಿಲ್ಲ: ಬಾತಿಲ್ಡ್ ಬರುತ್ತಿದ್ದಳು, ಜಿಸೆಲ್ ಅವನನ್ನು ಅವಳ ಕಡೆಗೆ ಕಳಿಸಿ ಹೂವಿನೊಳಗೆ ಮುಳುಗುತ್ತಿದ್ದಳು. 2019ರಲ್ಲಿ ನೃತ್ಯ ಸಂಯೋಜಕ ಅಲೆಕ್ಸೀ ರತ್ಮಾನ್‌ಸ್ಕಿ ಬೊಲ್ಶೊಯ್‌ನಲ್ಲಿ ಈ ಅಂತ್ಯವನ್ನು ಮರಳಿ ತಂದರು, ಶಿಲುಬೆಯ ಬಳಿ ವಿಲಿಗಳ ದಾಳಿಗೆ ಆಡಮ್ ಬರೆದಿದ್ದ ಫ್ಯೂಗ್ (ಒಂದೇ ರಾಗವನ್ನು ಹಲವು ದನಿಗಳು ಒಂದರ ಹಿಂದೊಂದು ಹಿಡಿಯುವ ರಚನೆ) ಅನ್ನೂ ತಂದರು.

ಏಕ್‌ನಲ್ಲಿ ಹಿಲರಿಯನ್ ಸಾಯುವುದಿಲ್ಲ. ಕೊನೆಗೆ ಆಲ್ಬ್ರೆಕ್ಟ್ ಬೆತ್ತಲೆಯಾಗಿ ಬಯಲಿನಲ್ಲಿ ನಿಂತಾಗ ಕಂಬಳಿ ತಂದು ಹೊದಿಸುವವನು ಅವನೇ. ಮೊದಲ ಅಂಕದಲ್ಲಿ ಜಿಸೆಲ್‌ಗೆ ಹಗ್ಗ ಕಟ್ಟಿ ಎಳೆದವನ ಕೈಯಲ್ಲಿ ಈಗ ಕಂಬಳಿ. ಕ್ಷಮೆ ಅನ್ನುವ ಕೆಲಸ ಪ್ರೇತದ ಕೈಯಿಂದ ಹಳ್ಳಿಗನ ಕೈಗೆ ಬಂತು.

ಖಾನ್‌ನಲ್ಲಿ ಹಿಲರಿಯನ್ ಮಾಲೀಕರಿಗೂ ಕಾರ್ಮಿಕರಿಗೂ ನಡುವಿನ ದಲ್ಲಾಳಿ, ಎರಡೂ ಕಡೆ ಬೇಳೆ ಬೇಯಿಸಿಕೊಳ್ಳುವವನು. ವಿಲಿಗಳು ಅವನನ್ನು ಕೊಂದಾಗ ಸಾಂಪ್ರದಾಯಿಕದಲ್ಲಿ ಕಾಡುವ “ಇದು ಅನ್ಯಾಯ” ಅನ್ನುವ ಮುಳ್ಳು ಅಷ್ಟು ಚುಚ್ಚುವುದಿಲ್ಲ. ಗಳಿಸಿದ್ದೂ ಇದೆ, ಕಳೆದದ್ದೂ ಇದೆ. ಶಿಲುಬೆಯಿಲ್ಲ, ಆ ಜಾಗದಲ್ಲಿ ಗೋಡೆ. ಆಲ್ಬ್ರೆಕ್ಟ್ ಕೊನೆಗೆ ಅದರ ಮುಂದೆ ಒಂಟಿ.

ಸಮಯ ಮಿಕ್ಕರೆ ಎರಡು ಹೆಸರು ಬಾಯಲ್ಲಿ ಹೇಳಿ ಸಾಕು. ಅಮೆರಿಕದ ತಂಡ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ 1984ರಲ್ಲಿ ಹೆಜ್ಜೆ, ಸಂಗೀತ ಹಾಗೇ ಇಟ್ಟು ಕಥೆಯನ್ನು 1840ರ ದಶಕದ ಲೂಸಿಯಾನಾದ ಕ್ರಿಯೋಲ್ ಸಮಾಜಕ್ಕೆ ಸಾಗಿಸಿತು. ಗುಲಾಮಗಿರಿಯಿಂದ ಕುಟುಂಬ ಎಷ್ಟು ತಲೆಮಾರು ದೂರ ಬಂದಿದೆ ಅನ್ನುವುದೇ ಅಲ್ಲಿ ಅಂತಸ್ತು. ಇನ್ನೊಂದು ತುದಿಯಲ್ಲಿ ದಕ್ಷಿಣ ಆಫ್ರಿಕಾದ ಡಾಡಾ ಮಸಿಲೊ, 2017: ಮಿರ್ಥಾ ಅಲ್ಲಿ ಸಂಗೋಮಾ, ಅಂದರೆ ಪಾರಂಪರಿಕ ವೈದ್ಯ, ವಿಲಿಗಳಲ್ಲಿ ಗಂಡಸರೂ ಇದ್ದಾರೆ, ಜಿಸೆಲ್ ಕ್ಷಮಿಸುವುದಿಲ್ಲ, ಕೊಲ್ಲುತ್ತಾಳೆ.

---

ಐದನೇ_ಭಂಗಿ:

ಅಂತ್ಯದ ವಿಷಯ ಒಪ್ಪಿದೆ. ಗುಂಪಿನಲ್ಲಿ ಯಾರಾದರೂ ‘ಸ್ವಾನ್ ಲೇಕ್’ ಎತ್ತಿದರೆ ಎಚ್ಚರ: 1895ರ ಪೆಟಿಪಾ–ಇವಾನೊವ್ ರೂಪವನ್ನು ಮ್ಯಾಥ್ಯೂ ಬೋರ್ನ್ ಅವರ 1995ರ ಗಂಡು ಹಂಸಗಳ ಜೊತೆ ಹೋಲಿಸುವಾಗ ಎಲ್ಲರೂ ಗಂಡು–ಹೆಣ್ಣಿನ ಬದಲಾವಣೆಯಲ್ಲೇ ನಿಂತುಬಿಡುತ್ತಾರೆ. ಅದಕ್ಕೆ ಬೇರೆ ದಿನ ಇಡಿ.

ವಿಲಿಗಳ ದಾಟಿಗೆ ವಿಡಿಯೋ ಆರಿಸುವಾಗ ಒಂದು ನೋಡಿಕೊಳ್ಳಿ. ಕೆಲವು ರೆಕಾರ್ಡಿಂಗ್‌ಗಳು ಎರಡು ಸಾಲು ಸೇರುವ ಹೊತ್ತಿಗೇ ಮಿರ್ಥಾಳ ಮುಖಕ್ಕೆ ಹಾರುತ್ತವೆ. ಬಾಲ್ಕನಿ ಎತ್ತರದಿಂದ, ರಂಗದ ಎರಡೂ ಅಂಚು ಕಾಣುವ ಹಾಗೆ, ಕತ್ತರಿ ಹಾಕದೆ ತೆಗೆದದ್ದು ಬೇಕು. ಅಂಥದ್ದು ಸಿಗದಿದ್ದರೆ ಹೆಸರಾಂತ ನರ್ತಕಿಯ ವಿಡಿಯೋ ಬಿಟ್ಟು, ಸಾಧಾರಣ ತಂಡದ್ದಾದರೂ ಪೂರ್ತಿ ಸಾಲು ಕಾಣುವುದನ್ನೇ ಹಾಕಿ. ಖಾನ್ ಅವರ ಮೊದಲ ಅಂಕಕ್ಕೂ ಇದೇ ಮಾತು, ಅಲ್ಲಿ ಬೆಳಕು ಮಂದ, ಪರದೆ ಚಿಕ್ಕದಾದರೆ ಪಾದದಲ್ಲಿ ಯಾವ ಶೂ ಇದೆ ಅನ್ನುವುದೇ ಕಾಣದು.